670 ಸ್ಟೋರಿಗಳು: ಎಫ್‌ಬಿಐನ ಸೆಂಟಿನೆಲ್ ಯೋಜನೆ ಮತ್ತು ಅದರ ಮೊದಲ ಬ್ಯಾಕ್‌ಲಾಗ್

ತಂತ್ರಾಂಶ ಒಂದೇ: ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಪ್ರಕರಣಗಳ ಕಡತಗಳನ್ನು ನಡೆಸಬೇಕಿದ್ದ ಸೆಂಟಿನೆಲ್. ಅದನ್ನು ಮುಗಿಸಲು ಇನ್ನೂ ಆರು ವರ್ಷ ಮತ್ತು ಕನಿಷ್ಠ 35.1 ಕೋಟಿ ಡಾಲರ್ ಬೇಕು ಎಂದಿತು ಮೈಟರ್ ಸಂಸ್ಥೆಯ ಸ್ವತಂತ್ರ ಪರಿಶೀಲನೆ. ಹನ್ನೆರಡು ತಿಂಗಳು ಮತ್ತು ಸುಮಾರು 2 ಕೋಟಿ ಡಾಲರ್ ಸಾಕು ಎಂದಿತು ಅದನ್ನು ಕಟ್ಟಿಸುತ್ತಿದ್ದ ಎಫ್‌ಬಿಐ. ಎರಡೂ 2010ರ ಮಾತುಗಳು. ಇಷ್ಟು ಅಂತರವಿದ್ದಾಗ ಇಬ್ಬರಲ್ಲಿ ಒಬ್ಬರಿಗೆ ಲೆಕ್ಕ ಬಾರದು ಎಂದುಕೊಳ್ಳುವುದು ಸಹಜ. ನನ್ನ ಓದಿನಲ್ಲಿ ಇಬ್ಬರಿಗೂ ಲೆಕ್ಕ ಬರುತ್ತಿತ್ತು. ಅವರು ಅಳೆದದ್ದು ಬೇರೆ ಬೇರೆ ವಸ್ತುಗಳನ್ನು. ಆಗಿನವರೆಗಿನ ಪದ್ಧತಿಯಲ್ಲೇ, ಆಗಿನ ಯೋಜನೆಯಂತೆಯೇ ಮುಂದುವರಿದರೆ ಏನಾಗುತ್ತದೆ ಎಂದು ಮೈಟರ್ ಲೆಕ್ಕ ಹಾಕಿತು. ಎಫ್‌ಬಿಐ ಅಧಿಕಾರಿಗಳು ಕೆಲಸದ ಪಟ್ಟಿಯನ್ನೇ ಬಿಚ್ಚಿ ಮತ್ತೆ ಕಟ್ಟಲು ಹೊರಟಿದ್ದರು.

ತಂತ್ರಾಂಶವನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಕಟ್ಟಿ ತೋರಿಸುತ್ತ ಹೋಗುವ ಅಜೈಲ್ ಪದ್ಧತಿಯ ತರಬೇತಿಗಳಲ್ಲಿ ಸೆಂಟಿನೆಲ್ ಕಥೆ ಆಗಾಗ ಬರುತ್ತದೆ. ಬಹುತೇಕ ಪವಾಡದ ಕಥೆಯಾಗಿಯೇ ಬರುತ್ತದೆ. ಅದರಲ್ಲಿ ನನಗೆ ಆಸಕ್ತಿ ಇರುವುದು ಎರಡೇ ಸಂಗತಿಗಳಲ್ಲಿ: ಮೊದಲ ಬ್ಯಾಕ್‌ಲಾಗ್, ಅಂದರೆ ಮಾಡಬೇಕಾದ ಕೆಲಸಗಳ ಆದ್ಯತೆಯ ಪಟ್ಟಿ, ಎಲ್ಲಿಂದ ಬಂತು ಮತ್ತು ಅದರೊಳಗೆ ಏನು ಬರಲಿಲ್ಲ.

ಹಿನ್ನೆಲೆ

1995ರಿಂದ ಎಫ್‌ಬಿಐ ತನ್ನ ಪ್ರಕರಣಗಳ ಕಡತಗಳನ್ನು ಆಟೊಮೇಟೆಡ್ ಕೇಸ್ ಸಪೋರ್ಟ್, ಚಿಕ್ಕದಾಗಿ ಎಸಿಎಸ್, ಎಂಬ ವ್ಯವಸ್ಥೆಯಲ್ಲಿ ನಡೆಸುತ್ತಿತ್ತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ, ಮೌಸ್ ಇಲ್ಲ, ಒಂದು ದಾಖಲೆ ಸೇರಿಸಲು ಹತ್ತಾರು ಪರದೆಗಳನ್ನು ದಾಟಬೇಕು. ಏಜೆಂಟರು ಸಹಜವಾಗಿಯೇ ಕಾಗದವನ್ನು ನಂಬಿದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಶಂಕಿತರ ಫೋಟೊಗಳನ್ನು ಇ-ಮೇಲ್‌ನಲ್ಲಿ ಕಳುಹಿಸಲಾಗದೆ ರಾತ್ರೋರಾತ್ರಿ ಕೊರಿಯರ್ ಮಾಡಿದ ಸುದ್ದಿ ಹೊರಬಂದಾಗ ಸಂಸ್ಥೆಗೆ ಮುಜುಗರವಾಯಿತು.

ಎಸಿಎಸ್ ಜಾಗಕ್ಕೆ ಬರಬೇಕಿದ್ದದ್ದು ವರ್ಚುವಲ್ ಕೇಸ್ ಫೈಲ್. ಅದರ ಅಗತ್ಯಗಳ ದಾಖಲೆ 800 ಪುಟಗಳಿಗೂ ಮೀರಿತ್ತು. ಬರೆದವರು ಮುಗಿಸುವಷ್ಟರಲ್ಲಿ ಬಳಸುವವರ ಮನಸ್ಸು ಬದಲಾಗಿತ್ತು. ಬದಲಾವಣೆಯ ಮೇಲೆ ಬದಲಾವಣೆ ಸೇರುತ್ತ ಹೋಯಿತು. ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಅದನ್ನು ಕೈಬಿಡಲಾಯಿತು. ಒಂದು ಸಣ್ಣ ಪ್ರಯೋಗದ ಹೊರತು ಅದು ಏಜೆಂಟರ ದಿನನಿತ್ಯದ ಬಳಕೆಗೆ ಬರಲೇ ಇಲ್ಲ.

2006ರ ಮಾರ್ಚ್‌ನಲ್ಲಿ ಸೆಂಟಿನೆಲ್ ಗುತ್ತಿಗೆ ಲಾಕ್‌ಹೀಡ್ ಮಾರ್ಟಿನ್‌ಗೆ ಹೋಯಿತು. ಒಟ್ಟು ಬಜೆಟ್ 42.5 ಕೋಟಿ ಡಾಲರ್, ಗಡುವು 2009ರ ಡಿಸೆಂಬರ್. ಹಿಂದಿನ ಸೋಲಿನಿಂದ ಕಲಿತ ಪಾಠವೆಂದು ಈ ಬಾರಿ ಕೆಲಸವನ್ನು ನಾಲ್ಕು ಹಂತಗಳಾಗಿ ಒಡೆಯಲಾಗಿತ್ತು. ಮೊದಲ ಹಂತ ಹಳೆಯ ಎಸಿಎಸ್‌ಗೆ ವೆಬ್ ಪುಟಗಳ ಮುಖ ತೊಡಿಸುವುದು. ಎರಡನೆಯದು ನಮೂನೆಗಳು ಮತ್ತು ಅವುಗಳ ಅನುಮೋದನೆ. ಮೂರನೆಯದರಲ್ಲಿ ಹೆಸರುಗಳ ಹಳೆಯ ಸೂಚಿಯ ಜಾಗಕ್ಕೆ ಹೊಸ ಸೂಚಿ ಮತ್ತು ಹುಡುಕಾಟ. ನಾಲ್ಕನೆಯದರಲ್ಲಿ ಹಳೆಯ ವ್ಯವಸ್ಥೆಗೆ ವಿದಾಯ.

ನೋಡಲು ಇದು ಹಂತ ಹಂತದ ಬಿಡುಗಡೆಯಂತೆಯೇ ಕಾಣುತ್ತದೆ. ಆದರೆ ತೊಡಕು ಅಲ್ಲಿಯೇ ಇತ್ತು. ಒಬ್ಬ ಏಜೆಂಟ್ ಒಂದು ಪ್ರಕರಣವನ್ನು ತೆರೆದು, ವರದಿ ಬರೆದು, ಸಹಿ ಮಾಡಿಸಿ, ಮುಂದೊಂದು ದಿನ ಅದನ್ನೇ ಹುಡುಕಿ ತೆಗೆಯಬೇಕಾದರೆ ನಾಲ್ಕೂ ಹಂತಗಳು ಮುಗಿದಿರಬೇಕು. ಮಧ್ಯದಲ್ಲಿ ಎಲ್ಲಿ ನಿಂತರೂ ಕೈಯಲ್ಲಿ ಅರೆಬರೆ ವ್ಯವಸ್ಥೆಯೇ ಉಳಿಯುತ್ತದೆ. ಹೀಗೆ ಒಡೆದ ಕೆಲಸವನ್ನು ಬಿಡುಗಡೆ ಯೋಜನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಪಾವತಿಯ ಕಂತುಗಳ ಪಟ್ಟಿ.

ಮೊದಲ ಹಂತ 2007ರ ಜೂನ್‌ನಲ್ಲಿ ಬಂತು. ಎರಡನೆಯದು ತಡವಾಗುತ್ತ ಹೋಗಿ 2009ರ ಕೊನೆಯಲ್ಲಿ ಕೈಸೇರಿದಾಗ ವೇಗದಲ್ಲೂ ಬಳಕೆಯಲ್ಲೂ ಗಂಭೀರ ದೋಷಗಳು ಕಂಡವು. 2010ರ ಮಾರ್ಚ್‌ನಲ್ಲಿ ಎಫ್‌ಬಿಐ ಕೆಲಸದ ಒಂದು ಭಾಗವನ್ನು ನಿಲ್ಲಿಸಿತು, ಜುಲೈನಲ್ಲಿ ಪೂರ್ತಿಯಾಗಿ ನಿಲ್ಲಿಸಿತು. ಆಗಸ್ಟ್ ಹೊತ್ತಿಗೆ ಬಜೆಟ್ 45.1 ಕೋಟಿಗೆ ಏರಿತ್ತು, ಅದರಲ್ಲಿ ಸುಮಾರು 40.5 ಕೋಟಿ ಖರ್ಚಾಗಿತ್ತು. ನಾಲ್ಕರಲ್ಲಿ ಎರಡು ಹಂತ ಮುಗಿದಿದ್ದವು. ವಿದ್ಯುನ್ಮಾನ ರೂಪಕ್ಕೆ ಬರಬೇಕಿದ್ದ 18 ಕಾಗದದ ನಮೂನೆಗಳಲ್ಲಿ ನಾಲ್ಕು ಮಾತ್ರ ಬಂದಿದ್ದವು.

ಕೈ ಬದಲಾವಣೆ

ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಕೆಲಸದ ನೇರ ಹೊಣೆಯನ್ನು ತಾನೇ ಹೊತ್ತುಕೊಳ್ಳುವುದಾಗಿ ಪ್ರಕಟಿಸಿತು. ಮುಖ್ಯ ಮಾಹಿತಿ ಅಧಿಕಾರಿ ಚಾಡ್ ಫುಲ್ಗಮ್ ಮತ್ತು ಮುಖ್ಯ ತಂತ್ರಜ್ಞಾನ ಅಧಿಕಾರಿ ಜೆಫ್ ಜಾನ್ಸನ್ ಇದರ ಹಿಂದಿದ್ದವರು. ಗುತ್ತಿಗೆದಾರರ ಸಿಬ್ಬಂದಿ ಸುಮಾರು 220ರಿಂದ 40ಕ್ಕೆ, ಎಫ್‌ಬಿಐ ಸಿಬ್ಬಂದಿ 30ರಿಂದ 12ಕ್ಕೆ ಇಳಿಯುವ ಲೆಕ್ಕವಿತ್ತು. ಕೋಡ್ ಬರೆಯುವವರು ಹದಿನೈದರ ಆಸುಪಾಸಿನಲ್ಲಿದ್ದರು. ವಾಷಿಂಗ್ಟನ್ನಿನ ಕೇಂದ್ರ ಕಚೇರಿಯ ನೆಲಮಾಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತರು. ಎರಡು ವಾರದ ಸ್ಪ್ರಿಂಟ್, ಅಂದರೆ ಕೆಲಸದ ಒಂದು ನಿಗದಿತ ಸುತ್ತು, ಪ್ರತಿ ಸ್ಪ್ರಿಂಟ್ ಕೊನೆಗೆ ಮುಗಿದದ್ದನ್ನು ನಡೆಸಿ ತೋರಿಸುವ ಡೆಮೊ. ಡೆಮೊ ನೋಡಲು ಎಫ್‌ಬಿಐ ಹಿರಿಯರಿಗೂ ನ್ಯಾಯ ಇಲಾಖೆಯವರಿಗೂ ಬಾಗಿಲು ತೆರೆದಿತ್ತು. ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಅಂದರೆ ಅಲ್ಲಿನ ತಪಾಸಣಾ ವಿಭಾಗ, ಅಕ್ಟೋಬರ್ ವರದಿಯಲ್ಲಿ ಈ ಹೊಸ ಯೋಜನೆಯ ಬಗ್ಗೆ ಸಂಶಯವನ್ನೇನೂ ಮುಚ್ಚಿಡಲಿಲ್ಲ.

ಬ್ಯಾಕ್‌ಲಾಗ್ ಎಲ್ಲಿಂದ ಬಂತು

ಹೊಸ ಬ್ಯಾಕ್‌ಲಾಗ್ ಎಂದರೆ ಖಾಲಿ ಗೋಡೆ, ಬಣ್ಣದ ಚೀಟಿಗಳು, ಎಲ್ಲರ ಕನಸುಗಳು ಎಂಬ ಚಿತ್ರ ನಮ್ಮ ಕಾರ್ಯಾಗಾರಗಳಲ್ಲಿ ಚಾಲ್ತಿಯಲ್ಲಿದೆ. ಸೆಂಟಿನೆಲ್‌ನಲ್ಲಿ ಹಾಗಾಗಲು ಸಾಧ್ಯವೇ ಇರಲಿಲ್ಲ. ಏನು ಕಟ್ಟಬೇಕು ಎಂಬುದು ಅಗತ್ಯಗಳ ದಾಖಲೆಯಲ್ಲಿ ಬರವಣಿಗೆಯಲ್ಲಿತ್ತು. ಸಂಸತ್ತಿಗೂ ತಪಾಸಕರಿಗೂ ಅದೇ ಅಳತೆಗೋಲು. ತಂಡ ಮಾಡಿದ್ದು ಆ ದಾಖಲೆಯನ್ನು ಒಡೆದು 670 ಯೂಸರ್ ಸ್ಟೋರಿಗಳನ್ನಾಗಿ, ಅಂದರೆ ಬಳಸುವವರು ಏನು ಮಾಡಬಹುದು ಎಂದು ಹೇಳುವ ಸಣ್ಣ ತುಂಡುಗಳನ್ನಾಗಿ, ಬರೆದದ್ದು. ಅಗತ್ಯಗಳು ಹಳೆಯವೇ, ಕತ್ತರಿಸಿದ ದಿಕ್ಕು ಹೊಸದು.

ಈ ಕತ್ತರಿಸುವಿಕೆ ಹೇಗಿರುತ್ತದೆ ಎಂಬುದನ್ನು ಒಂದು ನಮೂನೆಯ ಮೇಲೆ ನಾನೇ ಮಾಡಿ ತೋರಿಸುತ್ತೇನೆ. ಎಫ್‌ಬಿಐನಲ್ಲಿ ಏಜೆಂಟ್ ಯಾರನ್ನಾದರೂ ಸಂದರ್ಶಿಸಿದ ಮೇಲೆ ಬರೆಯುವ ವರದಿಗೆ ಎಫ್‌ಡಿ-302 ಎಂದು ಹೆಸರು. ನ್ಯಾಯಾಲಯದಲ್ಲಿ ಸಾಕ್ಷ್ಯಕ್ಕೆ ಇದು ಆಧಾರವಾಗಬಹುದು, ಆದ್ದರಿಂದ ಯಾರು ಯಾವಾಗ ಏನು ಬರೆದರು, ಯಾರು ಒಪ್ಪಿದರು ಎಂಬುದಕ್ಕೆ ತೂಕವಿದೆ. ಹಳೆಯ ಶೈಲಿಯ ಅಗತ್ಯ ದಾಖಲೆಯಲ್ಲಿ ಇಂಥದಕ್ಕೆ ಸಾಮಾನ್ಯವಾಗಿ ಒಂದೇ ವಾಕ್ಯ ಇರುತ್ತದೆ: ವ್ಯವಸ್ಥೆಯು ನಮೂನೆಗಳ ವಿದ್ಯುನ್ಮಾನ ಸಹಿ ಮತ್ತು ಅನುಮೋದನೆಗೆ ಅವಕಾಶ ಕಲ್ಪಿಸತಕ್ಕದ್ದು. ಓದಿದವರೆಲ್ಲ ತಲೆಯಾಡಿಸುತ್ತಾರೆ, ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ ಪರದೆ ಮೂಡಿರುತ್ತದೆ.

ಇದನ್ನೇ ಬಿಡಿಸಿ ನೋಡೋಣ. ಏಜೆಂಟ್ ವರದಿಯನ್ನು ಕರಡಾಗಿ ಬರೆದು ಉಳಿಸಿಟ್ಟುಕೊಳ್ಳಬಹುದು: ಒಂದು ಸ್ಟೋರಿ. ಅದನ್ನು ಮೇಲಧಿಕಾರಿಗೆ ಕಳುಹಿಸಬಹುದು: ಇನ್ನೊಂದು. ಮೇಲಧಿಕಾರಿ ಟಿಪ್ಪಣಿ ಬರೆದು ಹಿಂದಕ್ಕೆ ಕಳುಹಿಸಬಹುದು. ಸಹಿ ಮಾಡಿದರೆ ವರದಿಗೆ ಪ್ರಕರಣದ ಕಡತದಲ್ಲಿ ಕ್ರಮಸಂಖ್ಯೆ ಬೀಳುತ್ತದೆ, ಆಮೇಲೆ ಅದನ್ನು ಯಾರೂ ತಿದ್ದುವಂತಿಲ್ಲ. ತಿದ್ದಲೇಬೇಕಾದರೆ? ಹೊಸ ವರದಿಯನ್ನು ಸೇರಿಸಬೇಕು, ಅದು ಬೇರೆ ಸ್ಟೋರಿ. ಇಬ್ಬರು ಏಜೆಂಟರು ಸೇರಿ ಸಂದರ್ಶಿಸಿದ್ದರೆ ಇಬ್ಬರ ಸಹಿಯೂ ಬೇಕು. ಗೋಪ್ಯ ಪ್ರಕರಣವಾದರೆ ಪಟ್ಟಿಯಲ್ಲಿ ವರದಿಯ ಹೆಸರು ಕೂಡ ಬೇರೆಯವರಿಗೆ ಕಾಣಬಾರದು. ಕೊನೆಗೆ, ಮೇಲಧಿಕಾರಿ ರಜೆಯಲ್ಲಿದ್ದರೆ ಪ್ರಭಾರ ವಹಿಸಿಕೊಂಡವರ ಬಳಿ ಕಡತ ಹೋಗಬೇಕು.

ಈ ಕೊನೆಯದನ್ನು ಕೋಡ್ ಬರೆಯುವವರು ಊಹಿಸುವುದಿಲ್ಲ. ಗುತ್ತಿಗೆಯ ಕರಾರು ಬರೆದ ವಕೀಲರಿಗೂ ಹೊಳೆಯುವುದಿಲ್ಲ. ಕಡತ ನಾಲ್ಕು ದಿನ ಮೇಜಿನ ಮೇಲೆ ಕೊಳೆತದ್ದನ್ನು ಕಂಡವರು ಮಾತ್ರ ಹೇಳುತ್ತಾರೆ. ವಿಧಾನಸೌಧದಲ್ಲಾಗಲಿ ವಾಷಿಂಗ್ಟನ್ನಿನಲ್ಲಾಗಲಿ ಕಚೇರಿ ನಡೆಯುವುದು ಪ್ರಭಾರದವರ ಸಹಿಯ ಮೇಲೆಯೇ. ಮೊದಲ ಬ್ಯಾಕ್‌ಲಾಗ್ ಅನ್ನು ಇಡೀ ತಂಡ ಕುಳಿತು ಬರೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ತಿಳಿದಿಲ್ಲ. ಒಗ್ಗಟ್ಟು, ಉತ್ಸಾಹ ಇತ್ಯಾದಿಗಳು ಆಮೇಲಿನ ಮಾತು. ನಮ್ಮ ಬೆಂಗಳೂರಿನ ಹಲವು ಕಚೇರಿಗಳಲ್ಲಿ ಒಬ್ಬ ಬಿಸಿನೆಸ್ ಅನಲಿಸ್ಟ್ ಎರಡು ರಾತ್ರಿ ಕುಳಿತು ಹಳೆಯ ದಾಖಲೆಯ ಪ್ರತಿ ವಾಕ್ಯವನ್ನೂ ಕೆಲಸಗಳ ಪಟ್ಟಿ ಇಡುವ ಜಿರಾ ತಂತ್ರಾಂಶದ ಒಂದೊಂದು ಟಿಕೆಟ್ ಮಾಡಿಬಿಡುತ್ತಾರೆ; ಮರುದಿನ ಅದಕ್ಕೇ ಬ್ಯಾಕ್‌ಲಾಗ್ ಎಂದು ಹೆಸರು. ದಾಖಲೆಯಲ್ಲಿ ಮೌನವಾಗಿದ್ದದ್ದು ಟಿಕೆಟ್‌ನಲ್ಲೂ ಮೌನವಾಗಿಯೇ ಇರುತ್ತದೆ.

ಹೀಗೆ ಉದ್ದುದ್ದಕ್ಕೆ ಕತ್ತರಿಸಿದ್ದರ ಇನ್ನೊಂದು ಲಾಭ ಆದ್ಯತೆಯಲ್ಲಿ ಕಾಣುತ್ತದೆ. ಕರಡು, ಕಳುಹಿಸುವುದು, ಸಹಿ, ಕ್ರಮಸಂಖ್ಯೆ ಈ ನಾಲ್ಕು ಮುಗಿದರೆ ಒಂದು ನಮೂನೆ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಜಂಟಿ ಸಹಿ ಮುಂದಿನ ಸ್ಪ್ರಿಂಟ್‌ಗೆ ಕಾಯಬಹುದು. ಹಳೆಯ ಹಂತಗಳ ಯೋಜನೆಯಲ್ಲಿ ಇಂಥ ಆಯ್ಕೆಗೆ ಎಡೆಯೇ ಇರಲಿಲ್ಲ. ಒಂದು ವಾಕ್ಯ ಈಡೇರಿತೇ ಇಲ್ಲವೇ ಎಂದು ಕೇಳಬಹುದಿತ್ತು, ಅಷ್ಟೆ.

ಲೆಕ್ಕ

ವರ್ಷಕ್ಕೆ ಎರಡು ವಾರದ ಸ್ಪ್ರಿಂಟ್‌ಗಳು ಹೆಚ್ಚೆಂದರೆ 26. 670 ಸ್ಟೋರಿಗಳನ್ನು ಅಷ್ಟಕ್ಕೆ ಹಂಚಿದರೆ ಸ್ಪ್ರಿಂಟ್‌ಗೆ ಸುಮಾರು 26. ಹದಿನೈದು ಜನ ಕೋಡ್ ಬರೆಯುವವರೆಂದರೆ ಎರಡು ವಾರಕ್ಕೆ ತಲಾ ಎರಡಕ್ಕಿಂತ ಸ್ವಲ್ಪ ಕಡಿಮೆ ಸ್ಟೋರಿ, ಅದೂ ಪರೀಕ್ಷೆ ಸೇರಿ, ರಜೆ ಕಳೆಯದೆ. ಅಸಾಧ್ಯವಲ್ಲ. ಆದರೆ ಒಂದು ಸ್ಪ್ರಿಂಟ್ ಕೂಡ ಹಾಳಾಗಬಾರದು, ಒಂದು ಸ್ಟೋರಿ ಕೂಡ ಹೊಸದಾಗಿ ಹುಟ್ಟಬಾರದು. ಹಾಗೆ ನಡೆದ ಯೋಜನೆಯನ್ನು ನಾನಂತೂ ಕಂಡಿಲ್ಲ.

ಸ್ಟೋರಿಗಳೆಲ್ಲ ಒಂದೇ ಗಾತ್ರದವಲ್ಲವಾದ್ದರಿಂದ ತಂಡ ಅವುಗಳಿಗೆ ಪಾಯಿಂಟ್‌ಗಳನ್ನು ಕೊಟ್ಟಿತು. ಪಾಯಿಂಟ್ ಎಂದರೆ ಗಂಟೆಯಲ್ಲ, ದಿನವಲ್ಲ. ಇದು ಅದಕ್ಕಿಂತ ಎಷ್ಟು ದೊಡ್ಡದು ಎಂಬ ಹೋಲಿಕೆ. ಮೊದಲ ಕೆಲವು ಸ್ಪ್ರಿಂಟ್‌ಗಳಲ್ಲಿ ಎಷ್ಟು ಪಾಯಿಂಟ್ ನಿಜವಾಗಿ ಮುಗಿಯಿತು ಎಂದು ನೋಡಿದರೆ ಉಳಿದದ್ದಕ್ಕೆ ಎಷ್ಟು ಸ್ಪ್ರಿಂಟ್ ಬೇಕು ಎಂಬುದು ಭಾಗಾಕಾರದ ಮಾತು. ಬಿಡುಗಡೆ ಯೋಜನೆಯ ಗುಟ್ಟು ಇಷ್ಟೇ, ಮತ್ತು ಇದರಲ್ಲಿ ಮೋಸಕ್ಕೆ ಇರುವ ದಾರಿಯೂ ಒಂದೇ: ಮುಗಿಯದ್ದನ್ನು ಮುಗಿಯಿತು ಎನ್ನುವುದು. ತಪಾಸಣಾ ಕಚೇರಿಯವರು ಡೆಮೊಗಳಿಗೆ ಬಂದು ಕೂರುತ್ತಿದ್ದದ್ದು ಸೆಂಟಿನೆಲ್ ತಂಡಕ್ಕೆ ಕಿರಿಕಿರಿ ಎನಿಸಿದ್ದಿರಬಹುದು, ಆದರೆ ಆ ದಾರಿಗೆ ಅದು ಒಳ್ಳೆಯ ಬೇಲಿ.

ದಿನಾಂಕ ಉಳಿಯಲಿಲ್ಲ. 2011ರ ಸೆಪ್ಟೆಂಬರ್ ಬಂದು ಹೋಯಿತು. ಕೆಲಸ ಹಿಂದೆ ಬಿದ್ದಿತ್ತು. ಹಿಂದಿನ ಗುತ್ತಿಗೆಯಲ್ಲೂ ದಿನಾಂಕ ತಪ್ಪಿತ್ತಲ್ಲ, ಹಾಗಾದರೆ ಏನು ಬದಲಾಯಿತು ಎಂದು ಕೇಳಬಹುದು. ಹಿಂದೆ ಎರಡನೆಯ ಹಂತದ ನಿಜ ಸ್ಥಿತಿ ಪೂರ್ತಿ ಬೆಳಕಿಗೆ ಬಂದದ್ದು ಅದು ಕೈಸೇರಿದ ಮೇಲೆ, ಮೂಲ ಗಡುವಿನ ತಿಂಗಳಿನಲ್ಲಿ. ಈಗ ಹಿಂದೆ ಬಿದ್ದದ್ದು ಎರಡು ವಾರಕ್ಕೊಮ್ಮೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು, ತಪಾಸಕರ ವರದಿಯಲ್ಲಿ ಅಂಕಿಗಳ ಸಮೇತ ಬರುತ್ತಿತ್ತು. ಗಡುವನ್ನು ಮುಂದೂಡುವ ತೀರ್ಮಾನ ಆ ಅಂಕಿಗಳ ಮೇಲೆ ನಿಂತಿತು. ಬಜೆಟ್ ಮಾತ್ರ ಅಲುಗಾಡಲಿಲ್ಲ.

ಅಕ್ಟೋಬರ್ ಪರೀಕ್ಷೆ

2011ರ ಅಕ್ಟೋಬರ್‌ನಲ್ಲಿ ಎಫ್‌ಬಿಐ ಒಂದು ಪ್ರಯೋಗ ನಡೆಸಿತು. ಬೇರೆ ಬೇರೆ ಕಚೇರಿಗಳ 743 ಜನ ಒಂದೇ ಹೊತ್ತಿಗೆ ಸೆಂಟಿನೆಲ್‌ನಲ್ಲಿ ಕೆಲಸ ಮಾಡಬೇಕು. ಪ್ರಯೋಗದ ಸಮಯದಲ್ಲಿ ವ್ಯವಸ್ಥೆ ಎರಡು ಬಾರಿ ನಿಂತುಹೋಯಿತು. ಹಿಂದಿನ ಹಂತಗಳಿಗಾಗಿ ತಂದಿದ್ದ ಯಂತ್ರಾಂಶಕ್ಕೆ ಈ ಹೊರೆ ತಾಳುವ ಶಕ್ತಿ ಇರಲಿಲ್ಲ ಎಂಬ ತೀರ್ಮಾನಕ್ಕೆ ಬಂದು ಹೊಸ ಯಂತ್ರಗಳನ್ನು ತರಿಸಲಾಯಿತು. ಬಿಡುಗಡೆ 2012ರ ಮೇಗೆ ಸರಿಯಿತು, ಕೊನೆಗೆ ಜುಲೈ 1ಕ್ಕೆ ನಿಂತಿತು.

ನೂರಾರು ಸ್ಟೋರಿಗಳು ಡೆಮೊ ದಾಟಿ ಬಂದಿದ್ದರೂ ಇದು ಹೇಗೆ ತಪ್ಪಿಸಿಕೊಂಡಿತು? ಡೆಮೊ ಕೋಣೆಯಲ್ಲಿ ಒಬ್ಬರು ಒತ್ತುತ್ತಾರೆ, ಉಳಿದವರು ನೋಡುತ್ತಾರೆ. ಒಬ್ಬರು ಒತ್ತಿದರೆ ಯಾವ ವ್ಯವಸ್ಥೆಯೂ ಚುರುಕಾಗಿಯೇ ಇರುತ್ತದೆ. ಇಷ್ಟು ಜನ, ಇಷ್ಟು ವೇಗ, ಇಷ್ಟು ಹೊತ್ತು ಎಂಬ ಅಗತ್ಯಗಳನ್ನು ಯೂಸರ್ ಸ್ಟೋರಿಯ ಅಚ್ಚಿಗೆ ಇಳಿಸುವುದು ಕಷ್ಟ, ಏಕೆಂದರೆ ಯಾವ ಏಜೆಂಟೂ ಏಳುನೂರು ಜನರಾಗಿ ಕೆಲಸ ಮಾಡುವುದಿಲ್ಲ. ಮೊದಲ ಬ್ಯಾಕ್‌ಲಾಗ್ ಬರೆಯುವಾಗ ಇವು ಪಟ್ಟಿಯ ತಳಕ್ಕೆ ಇಳಿಯುತ್ತವೆ, ತಳದಲ್ಲಿರುವುದು ಬಿಡುಗಡೆಯ ಹಿಂದಿನ ವಾರ ಮೇಲೆ ಬರುತ್ತದೆ. ನಾನಾದರೆ ಮೊದಲ ಬಿಡುಗಡೆ ಯೋಜನೆಯ ಮೂರನೆಯದೋ ನಾಲ್ಕನೆಯದೋ ಸ್ಪ್ರಿಂಟ್‌ಗೇ ಇಂಥದೊಂದು ಪ್ರಯೋಗವನ್ನು ಹೆಸರು ಹಿಡಿದು ಬರೆಸುತ್ತೇನೆ. ಆಗ ತಂತ್ರಾಂಶದಲ್ಲಿ ಎರಡೇ ಪರದೆಗಳಿದ್ದರೂ ಸರಿ, ಯಂತ್ರಗಳ ತಾಕತ್ತು ತಿಳಿಯಲು ಅಷ್ಟು ಸಾಕು. ಸರ್ಕಾರಿ ಖರೀದಿಯಲ್ಲಿ ಹೊಸ ಯಂತ್ರ ಬರಲು ತಿಂಗಳುಗಳು ಬೇಕು ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುವ ವಿಷಯ.

ಸೆಂಟಿನೆಲ್ ತಂಡದ ಪರವಾಗಿ ಹೇಳಬೇಕಾದದ್ದೂ ಇದೆ. ಆ ಪ್ರಯೋಗವನ್ನು ಅವರು ಬಿಡುಗಡೆಗೆ ಮುನ್ನ ನಡೆಸಿದರು, ಫಲಿತಾಂಶ ಹಿತವಾಗಿಲ್ಲದಿದ್ದರೂ ನಂಬಿದರು. ತಡವಾಗಿ ಗೊತ್ತಾಯಿತು ನಿಜ, ಆದರೆ ಇಡೀ ಸಂಸ್ಥೆ ಅದರ ಮೇಲೆ ಕುಳಿತ ಮೇಲೆ ಗೊತ್ತಾಗಲಿಲ್ಲ.

ಖರ್ಚಿನ ಕಥೆ

2012ರ ಆಗಸ್ಟ್ ಆರಂಭದ ಹೊತ್ತಿಗೆ ಒಟ್ಟು ಖರ್ಚು ಸುಮಾರು 44.1 ಕೋಟಿ ಡಾಲರ್ ಎಂದು ಎಫ್‌ಬಿಐ ಹೇಳಿತು, 45.1ರ ಮಿತಿಯೊಳಗೆ. ಅಂದರೆ 2010ರ ಆಗಸ್ಟ್‌ನಿಂದ ಈಚೆಗೆ ಸುಮಾರು 3.6 ಕೋಟಿ. ಬಿಡುಗಡೆಯ ನಂತರ ಪ್ರತಿವರ್ಷ ನಡೆಸಲು ತಗಲುವ ವೆಚ್ಚ ಇದರಲ್ಲಿ ಸೇರಿಲ್ಲ ಎಂದು ತಪಾಸಣಾ ಕಚೇರಿ ಜೊತೆಗೇ ಸೇರಿಸಿತು.

40 ಕೋಟಿಯಲ್ಲಿ ಅರ್ಧ, 4 ಕೋಟಿಯಲ್ಲಿ ಇನ್ನರ್ಧ ಎಂದು ಇದನ್ನು ಸಮ್ಮೇಳನಗಳ ವೇದಿಕೆಯಲ್ಲಿ ಹೇಳಿದಾಗ ಚಪ್ಪಾಳೆ ಬೀಳುತ್ತದೆ. ಆ ಹೋಲಿಕೆ ಅರ್ಧ ಸತ್ಯ. ಹೊಸ ತಂಡ ಶುರುಮಾಡಿದಾಗ ಎರಡು ಹಂತಗಳು ಬಳಕೆಯಲ್ಲಿದ್ದವು, ಯಂತ್ರಗಳಿದ್ದವು, ಅಗತ್ಯಗಳ ದಾಖಲೆ ಎರಡು ಯೋಜನೆಗಳ ಬೆಂಕಿಯಲ್ಲಿ ಬೆಂದು ಹದವಾಗಿತ್ತು. ಏನು ಬೇಕು ಎಂಬ ಜಗಳವನ್ನು ಹತ್ತು ವರ್ಷ ಆಡಿ ಮುಗಿಸಿದ ಸಂಸ್ಥೆ ಅದು. ಅಂಥ ಹಿನ್ನೆಲೆ ಇಲ್ಲದ ತಂಡವೊಂದು 670 ಸ್ಟೋರಿಗಳನ್ನು ಅಷ್ಟು ಖಚಿತವಾಗಿ ಬರೆಯಲಾರದು, ಬರೆಯಲೂಬಾರದು. ಮುಂದಿನ ಎರಡು ಮೂರು ತಿಂಗಳಿಗೆ ಬೇಕಾದಷ್ಟನ್ನು ಬಿಡಿಸಿ, ಉಳಿದದ್ದನ್ನು ದೊಡ್ಡ ಗಂಟುಗಳಾಗಿಯೇ ಇಡುವುದು ಲೇಸು.

ಹುಡುಕಾಟ

2014ರಲ್ಲಿ ತಪಾಸಣಾ ಕಚೇರಿ ಬಳಕೆದಾರರ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಒಟ್ಟಾರೆಯಾಗಿ ಸೆಂಟಿನೆಲ್ ತಮ್ಮ ಕೆಲಸಕ್ಕೆ ಒಳ್ಳೆಯದು ಮಾಡಿದೆ ಎಂದೇ ಹೆಚ್ಚಿನವರು ಹೇಳಿದರು. ಆದರೆ ಹುಡುಕಾಟವನ್ನು ಬಳಸಿದವರಲ್ಲಿ 42 ಶೇಕಡಾ ಮಂದಿಗೆ ಮಾತ್ರ ಬೇಕಾದ ಫಲಿತಾಂಶ ಆಗಾಗ್ಗೆ ಸಿಗುತ್ತಿತ್ತು.

ತನಿಖಾ ಸಂಸ್ಥೆಯೊಂದರ ಕಡತ ವ್ಯವಸ್ಥೆಯಲ್ಲಿ ಹುಡುಕಾಟ ಪಕ್ಕದ ಸೌಲಭ್ಯವಲ್ಲ. ಇಡೀ ಖರ್ಚಿಗೆ ಕಾರಣವೇ ಅದು: ಈ ಹೆಸರು ಬೇರೆ ಯಾವುದೋ ಕಚೇರಿಯ ಕಡತದಲ್ಲಿ ಮೊದಲೇ ಬಂದಿದೆಯೇ ಎಂದು ತಿಳಿಯುವುದು. ಹಳೆಯ ಯೋಜನೆ ಅದನ್ನು ಮೂರನೆಯ ಹಂತಕ್ಕೆ ತಳ್ಳಿತ್ತು. ಹೊಸ ತಂಡ ಅದನ್ನು ಕಟ್ಟಿಕೊಟ್ಟಿತು, ಆದರೆ ಕಟ್ಟಿಕೊಟ್ಟದ್ದು ಕೆಲಸಕ್ಕೆ ಬಂತೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬಿಡುಗಡೆಯಾಗಿ ಎರಡು ವರ್ಷಗಳ ಮೇಲೆ, ಹೊರಗಿನವರ ಸಮೀಕ್ಷೆಯಲ್ಲಿ.

ಏಜೆಂಟ್ ಒಂದು ಹೆಸರನ್ನು ಹುಡುಕಬಹುದು ಎಂಬ ಸ್ಟೋರಿ ಡೆಮೊದಲ್ಲಿ ಸಲೀಸಾಗಿ ಪಾಸಾಗುತ್ತದೆ. ಹೆಸರು ಟೈಪಿಸಿದರೆ ಪಟ್ಟಿಯೊಂದು ಬರುತ್ತದೆ. ಅದರ ಸ್ವೀಕಾರ ಷರತ್ತನ್ನು, ಅಂದರೆ ಸ್ಟೋರಿ ಮುಗಿಯಿತು ಎನ್ನಲು ಏನಾಗಿರಬೇಕು ಎಂಬುದನ್ನು, ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ಮುಗಿದ ಹಳೆಯ ಪ್ರಕರಣಗಳಿಂದ ಐವತ್ತು ಹೆಸರುಗಳನ್ನು ಆಯ್ದುಕೊಳ್ಳಬೇಕು, ಕಾಗುಣಿತ ತಪ್ಪಿದವು, ಅಡ್ಡಹೆಸರುಗಳು, ಅರಬ್ಬಿ ಮೂಲದ ಹೆಸರನ್ನು ಮೂರು ಬಗೆಯಲ್ಲಿ ಬರೆದವು ಎಲ್ಲ ಸೇರಿ. ಪ್ರತಿಯೊಂದಕ್ಕೂ ಸರಿಯಾದ ಕಡತ ಮೊದಲ ಪುಟದಲ್ಲೇ ಬರಬೇಕು. ಎಷ್ಟು ಬಂದರೆ ಸಾಕು ಎಂಬುದನ್ನು ಪ್ರಾಡಕ್ಟ್ ಓನರ್, ಅಂದರೆ ಬ್ಯಾಕ್‌ಲಾಗ್‌ನ ಆದ್ಯತೆಗೆ ಹೊಣೆಯಾದವರು, ಸ್ಪ್ರಿಂಟ್ ಶುರುವಾಗುವ ಮೊದಲೇ ಹೇಳಬೇಕು. ಆ ಐವತ್ತು ಹೆಸರುಗಳನ್ನು ಆರಿಸಿಕೊಡಬೇಕಾದವರು ಎಸಿಎಸ್‌ನ ಹಸಿರು ಪರದೆಯ ಮುಂದೆ ವರ್ಷಗಟ್ಟಲೆ ಹೆಸರು ಹುಡುಕಿದ ಕಡತ ವಿಭಾಗದವರು. ಪಾಯಿಂಟ್ ಹಾಕುವ ದಿನ ಅವರಿಗೂ ಒಂದು ಕುರ್ಚಿ ಹಾಕಬೇಕು.